ನಾಲ್ಕು ಗಂಟೆಯ ಚಹಾ

ಫ್ರಿಜ್ಜಿನ ಐಸ್ ತಟ್ಟೆ ಮತ್ತೆ ಖಾಲಿಯಾಗಿತ್ತು. ಅಜ್ಜಿ ಅದನ್ನು ತಂದು ಊಟದ ಮೇಜಿನ ನಟ್ಟನಡುವೆ ಕುಕ್ಕಿದಳು.

"ಯಾರ ಕೆಲಸ ಇದು? ಬೆಳಿಗ್ಗೆ ನಾನೇ ನೀರು ತುಂಬಿಟ್ಟಿದ್ದೆ. ಮಧ್ಯಾಹ್ನದ ಹೊತ್ತಿಗೆ ಒಂದು ಚೂರೂ ಇಲ್ಲ."

"ನನ್ನ ಮುಖ ಯಾಕಮ್ಮ ನೋಡ್ತೀಯ? ತಣ್ಣಗಿರೋದನ್ನ ನಾನು ಯಾವತ್ತಾದ್ರೂ ನಾಲಿಗೆಗೆ ತಾಗಿಸಿದ್ದೀನಾ?" ಎಂದ ಮಗ.

ಮಗನ ಮಾತು ಸುಳ್ಳಲ್ಲ. ಪೇಟೆಯಲ್ಲಿ ಅವನಿಗೆ 'ನಾಲಿಗೆ' ಎಂದೇ ಹೆಸರು. ಹತ್ತು ತೋಟಗಳ ಚಹಾ ಎಲೆ ತರಿಸಿ, ರುಚಿ ನೋಡಿ, ಬೆರೆಸಿ, ಪೊಟ್ಟಣ ಕಟ್ಟಿ ಮಾರುವುದು ಅವರ ಮನೆತನದ ಕಸುಬು. ಮುಂದೆ ಅಂಗಡಿ, ಹಿಂದೆ ಮನೆ, ಮಹಡಿಯ ಮೇಲೆ ಎಲೆಯ ಪೆಟ್ಟಿಗೆಗಳ ಕೋಣೆ. ಬಟ್ಟಲಿಗೆ ಮೂಗು ಹಿಡಿದೇ ಇದು ಯಾವ ತೋಟದ್ದು, ಯಾವ ತಿಂಗಳಲ್ಲಿ ಕಿತ್ತದ್ದು ಎಂದು ಹೇಳುವ ಮನುಷ್ಯ ಅವನು. ಇಂಥವನು ಐಸ್ ಕಡಿದು ನಾಲಿಗೆ ಕೆಡಿಸಿಕೊಳ್ಳುತ್ತಾನೆಯೇ?

ಸೊಸೆಯ ಮೇಲೆ ಅನುಮಾನ ಪಡುವ ಹಾಗೂ ಇರಲಿಲ್ಲ. ಬೆಳಗಿನಿಂದ ಅಂಗಡಿಯಲ್ಲಿ ತೂಕ ಮಾಡಿ ಪೊಟ್ಟಣ ಕಟ್ಟುವ ಅವಳಿಗೆ ಫ್ರಿಜ್ಜಿನ ಬಾಗಿಲು ತೆಗೆಯಲೂ ಪುರುಸೊತ್ತಿಲ್ಲ. ಉಳಿದವಳು ಒಬ್ಬಳೇ, ಮೊಮ್ಮಗಳು ಚೂಟಿ. ಅವಳು ಆಸ್ಪತ್ರೆಗೆ ಹೋಗಿದ್ದಳು, ಇನ್ನೂ ಬಂದಿರಲಿಲ್ಲ.

ಆ ಮನೆಯಲ್ಲಿ ಊಟವೆಂದರೆ ಬರೀ ಊಟವಲ್ಲ, ಪರೀಕ್ಷೆ. ಅಜ್ಜಿಯ ಮಾವನ ಕಾಲದಿಂದ ನಡೆದುಬಂದ ಕ್ರಮ ಅದು. ತಟ್ಟೆಯ ಪಕ್ಕದಲ್ಲೇ ಮೂರು ಮಿಶ್ರಣಗಳ ಮೂರು ಪಿಂಗಾಣಿ ಬಟ್ಟಲು. ಉಣ್ಣುತ್ತ ಒಂದೊಂದು ಗುಟುಕು, ಉಂಡಮೇಲೆ ಪೂರ್ತಿ. ಜನ ಚಹಾ ಕುಡಿಯುವುದು ಹೊಟ್ಟೆ ತುಂಬಿದಾಗ, ಹಾಗಾಗಿ ತುಂಬಿದ ಹೊಟ್ಟೆಯವರೇ ಅದಕ್ಕೆ ನ್ಯಾಯ ಹೇಳಬೇಕು ಎಂಬುದು ಹಿರಿಯರ ವಾದ. ಕೊನೆಗೆ ಗೋಡೆಯ ಮೇಲಿನ ಸ್ಲೇಟಿನಲ್ಲಿ ಪ್ರತಿಯೊಬ್ಬರೂ ಹತ್ತಕ್ಕೆ ಎಷ್ಟು ಎಂದು ಅಂಕ ಬರೆಯಬೇಕು. ಮೇಜಿನ ಮೇಲೆ ನೀರಿಗೆ ಜಾಗವೇ ಇಲ್ಲ. ಅಸಲಿಗೆ ಆ ಮನೆಯಲ್ಲಿ ನೀರಿನ ಲೋಟ ಎಂಬ ವಸ್ತುವೇ ಇರಲಿಲ್ಲ.

ಇನ್ನೊಂದು ಕಟ್ಟಳೆಯೂ ಇತ್ತು. ಚಹಾದ ಹತ್ತಿರ ಕಬ್ಬಿಣದ ಪಾತ್ರೆ ಸುಳಿಯಕೂಡದು. ಮದುವೆಯಾಗಿ ಬಂದ ಹೊಸತರಲ್ಲಿ ಅಜ್ಜಿ ಗೊತ್ತಿಲ್ಲದೆ ಕಬ್ಬಿಣದ ಬಾಣಲೆಯಲ್ಲಿ ಚಹಾ ಕುದಿಸಿ, ಶಾಯಿಯ ಹಾಗೆ ಕಪ್ಪಾದ ಅದನ್ನು ಮಾವನ ಮುಂದಿಟ್ಟಿದ್ದಳು. ಮಾವ ಬಟ್ಟಲನ್ನು ಅಂಗಳಕ್ಕೆ ಎಸೆದದ್ದು, ಬಾಣಲೆಯನ್ನು ಅದರ ಹಿಂದೆಯೇ ಎಸೆದದ್ದು ಅವಳಿಗೆ ನಿನ್ನೆ ಮೊನ್ನೆಯ ಹಾಗೆ ನೆನಪಿದೆ.

ಚೂಟಿ ಬಂದಳು. ಹೆಸರಿಗೆ ಚೂಟಿ. ಚಿಕ್ಕವಳಿದ್ದಾಗ ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತಿದ್ದವಳು, ಈಗ ಬಾಗಿಲ ಎರಡು ಮೆಟ್ಟಿಲು ಹತ್ತಿ ಚೌಕಟ್ಟು ಹಿಡಿದು ನಿಂತಳು. ಬಾಯಲ್ಲಿ ಏನೋ ಕಟಕಟ ಅಗಿಯುತ್ತಿದ್ದಳು.

"ಏನೇ ಅದು ಬಾಯಲ್ಲಿ?"

"ಐಸ್, ಅಜ್ಜಿ. ಹಣ್ಣಿನ ರಸದ ಅಂಗಡೀಲಿ ಕೇಳಿ ಇಸ್ಕೊಂಡೆ."

ಕಳ್ಳಿ ಸಿಕ್ಕಿದ್ದಳು. ಆದರೆ ಅವಳ ಮುಖ ನೋಡಿ ಅಜ್ಜಿ ಬೈಗುಳವನ್ನು ನುಂಗಿಕೊಂಡಳು. ಚೂಟಿ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟಳು.

ಡಯಾಲಿಸಿಸ್ ತರಬೇತಿ ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ಹುಡುಗಿ ಅವಳು. ದೊಡ್ಡಾಸ್ಪತ್ರೆಯಲ್ಲಿ ಹದಿನಾಲ್ಕು ವಾರ ಕಳೆದರೆ ಹೊಸ ಡಯಾಲಿಸಿಸ್ ಕೋಣೆ ತೆರೆಯುವುದಿತ್ತು. ಹನ್ನೆರಡು ಯಂತ್ರ, ಆರು ಜನ ಸಿಬ್ಬಂದಿ. ಆರರಲ್ಲಿ ಚೂಟಿಯ ಹೆಸರೂ ಇತ್ತು. ಆದರೆ ರಕ್ತದ ಜೊತೆ ಒಡನಾಡುವ ಕೆಲಸ. ರಕ್ತದಿಂದ ಹರಡುವ ಕಾಮಾಲೆಗೆ, ಅಂದರೆ ಹೆಪಟೈಟಿಸ್-ಬಿ ರೋಗಕ್ಕೆ, ಮೂರು ಸಲ ಲಸಿಕೆ ಹಾಕಿಸಿಕೊಂಡು, ಅದು ಮೈಗೆ ಹಿಡಿದಿದೆ ಎಂದು ರಕ್ತಪರೀಕ್ಷೆಯಲ್ಲಿ ತೋರಿಸಬೇಕು. ಚೂಟಿ ಮೂರೂ ಸಲ ಹಾಕಿಸಿಕೊಂಡಿದ್ದಳು.

"ಕಡಿಮೆ ಅಂದ್ರೆ ಹತ್ತು ಬರಬೇಕಿತ್ತು. ನಂದು ಮೂರು ಬಂದಿದೆ," ಎಂದಳು ಚೂಟಿ. "ರಕ್ಷಣೆ ಇಲ್ಲದ ಹುಡುಗೀನ ಯಂತ್ರದ ಪಕ್ಕ ನಿಲ್ಲಿಸಲ್ಲ ಅಂದ್ರು ದೊಡ್ಡ ಸಿಸ್ಟರ್. ಕೋಣೆ ತೆರೆಯೋ ಹೊತ್ತಿಗೆ ಹತ್ತು ದಾಟಿಸ್ಕೊಂಡು ಬಾ, ಇಲ್ಲಾಂದ್ರೆ ಆ ಜಾಗ ಬೇರೆಯವರಿಗೆ ಅಂದ್ರು."

ನಾಲಿಗೆ ಚೀಟಿ ನೋಡಿ ಬದಿಗಿಟ್ಟ. "ಹತ್ತಕ್ಕೆ ಮೂರು! ನಮ್ಮನೇಲಿ ಹತ್ತಕ್ಕೆ ಮೂರು ಬಂದಿದ್ದನ್ನ ಮೋರಿಗೆ ಸುರೀತೀವಿ."

"ಅಪ್ಪಾ!"

"ಮತ್ತೇನು? ಮೈ ಬೇಡ ಅಂತಿದೆ, ನೀನು ಬೇಕು ಅಂತೀಯ. ಮನೇಲಿ ಕೂತು ರುಚಿ ನೋಡೋದು ಕಲಿ. ಅಂಗಡಿ ಯಾರಿಗೆ ಬಿಟ್ಟುಹೋಗಲಿ ನಾನು?"

"ರುಚಿ ನೋಡೋಕೆ ನನಗೆ ನಾಲಿಗೆಯಾದ್ರೂ ಎಲ್ಲಿದೆ? ಎರಡು ವರ್ಷದಿಂದ ಮೂರು ಬಟ್ಟಲೂ ಒಂದೇ ಥರ ಅನ್ಸುತ್ತೆ. ನೀವೇ ಬೈತೀರಲ್ಲ."

ಅದೂ ನಿಜ. ಎಂಟನೆಯ ವಯಸ್ಸಿಗೇ ಅಪ್ಪನಿಗೆ ಸರಿಸಮನಾಗಿ ಅಂಕ ಬರೆಯುತ್ತಿದ್ದ ಹುಡುಗಿ ಈಚೆಗೆ ಮೂರಕ್ಕೂ ಐದೈದು ಬರೆದು ಎದ್ದುಬಿಡುತ್ತಿದ್ದಳು. ಬೇಕೆಂದೇ ಹಾಗೆ ಮಾಡುತ್ತಾಳೆ ಎಂದು ಅಪ್ಪನ ಒಳಗೊಳಗಿನ ನೋವು. ಅಪ್ಪ ಮಗಳ ನಡುವೆ ಮಾತಿಗೆ ಮಾತು ಬೆಳೆಯಿತು. ಸೊಸೆ ಇಬ್ಬರ ತಟ್ಟೆಗೂ ಇನ್ನಷ್ಟು ಬಡಿಸಿ ಬಾಯಿ ಮುಚ್ಚಿಸಲು ನೋಡಿದಳು. ಆಗಲಿಲ್ಲ.

ಅಜ್ಜಿಗೆ ಮಾತ್ರ ಬೇರೆಯದೇ ನೆನಪು. ಅವಳ ಗಂಡ ಕೊನೆಯ ನಾಲ್ಕು ವರ್ಷ ವಾರಕ್ಕೆ ಎರಡು ಸಲ ಆ ಯಂತ್ರಕ್ಕೆ ಕೈಯೊಡ್ಡಿ ಮಲಗಿದವನು. ಪಕ್ಕದ ಸ್ಟೂಲಿನಲ್ಲಿ ಕೂತು ಶಾಲೆಯ ಲೆಕ್ಕ ಬಿಡಿಸುತ್ತಿದ್ದವಳು ಹತ್ತು ವರ್ಷದ ಚೂಟಿ. ಒಬ್ಬ ನರ್ಸ್ ಸೂಜಿ ಚುಚ್ಚಿದರೆ ತಾತನಿಗೆ ಗೊತ್ತೇ ಆಗುತ್ತಿರಲಿಲ್ಲ. "ನಾನೂ ಹಾಗೇ ಚುಚ್ಚೋಕೆ ಕಲೀತೀನಿ," ಎಂದು ಅವತ್ತೇ ಹೇಳಿದ್ದಳು. ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದಳು.

"ನಾಳೆ ಡಾಕ್ಟರಮ್ಮನ ಹತ್ರ ನಾನೂ ಬರ್ತೀನಿ. ಈ ಮೂರು ಎಲ್ಲಿಂದ ಬಂತು ಅಂತ ನಾನೇ ಕೇಳ್ತೀನಿ."

*

ಡಾಕ್ಟರಮ್ಮ ಚೂಟಿಯ ಕೆಳರೆಪ್ಪೆ ಎಳೆದು ನೋಡಿದಳು, ಉಗುರು ನೋಡಿದಳು, ನಾಲಿಗೆ ಚಾಚಿಸಿ ನೋಡಿದಳು. ಆಮೇಲೆ ಒಂದು ವಿಚಿತ್ರ ಪ್ರಶ್ನೆ ಕೇಳಿದಳು.

"ಐಸ್ ತಿಂತೀಯಾ?"

ಅಜ್ಜಿಯ ಕಿವಿ ನೆಟ್ಟಗಾಯಿತು. "ತಟ್ಟೆಗಟ್ಟಲೆ ತಿಂತಾಳೆ! ನಿಮಗೆ ಹೇಗೆ ಗೊತ್ತು?"

ರಕ್ತದ ವರದಿ ಬಂದಾಗ ಗುಟ್ಟು ಬಯಲಾಯಿತು. ಹನ್ನೆರಡು ಇರಬೇಕಾದ ಹಿಮೋಗ್ಲೋಬಿನ್ ಎಂಟು ಚಿಲ್ಲರೆ. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಹೆಚ್ಚುಕಡಿಮೆ ಸೊನ್ನೆ. ಐಸಿನ ಚಪಲ, ಮೆಟ್ಟಿಲಲ್ಲಿ ಏದುಸಿರು, ರುಚಿ ತಿಳಿಯದ ಉರಿಯುವ ನುಣುಪು ನಾಲಿಗೆ ಎಲ್ಲದಕ್ಕೂ ಅದೇ ಮೂಲ. ತಿಂಗಳ ಸ್ರಾವ ಹೆಚ್ಚಿರುವುದನ್ನೂ ಡಾಕ್ಟರಮ್ಮ ಕೇಳಿ ತಿಳಿದು, ಅದಕ್ಕೆ ಬೇರೆ ಔಷಧಿ ಬರೆದಳು.

"ಲಸಿಕೆ ಹಿಡೀದೇ ಇರೋದಕ್ಕೂ ಇದೇ ಕಾರಣಾನಾ?" ಎಂದು ಕೇಳಿದಳು ಚೂಟಿ.

"ಇರಬಹುದು. ಲಸಿಕೆ ಅಂದ್ರೆ ಮೈಗೆ ಹೇಳಿಕೊಡೋ ಪಾಠ. ಆ ಪಾಠ ಕಲಿಯೋ ರಕ್ತಕಣಗಳು ಬೇಗಬೇಗ ಒಂದು ಹತ್ತಾಗಬೇಕು, ಹತ್ತು ನೂರಾಗಬೇಕು. ಅದಕ್ಕೆ ಕಬ್ಬಿಣ ಬೇಕು. ಕಬ್ಬಿಣ ಕಮ್ಮಿ ಇರೋರಿಗೆ ಕೆಲವು ಲಸಿಕೆ ಅಷ್ಟು ಚೆನ್ನಾಗಿ ಹಿಡಿಯಲ್ಲ ಅಂತ ಕೆಲವು ಅಧ್ಯಯನ ಹೇಳ್ತವೆ, ಹೆಚ್ಚಾಗಿ ಎಳೆಮಕ್ಕಳನ್ನ ನೋಡಿ. ನಿನ್ನ ವಿಷಯದಲ್ಲೂ ಅದೇ ಅಂತ ನಾನು ಆಣೆ ಇಡಲ್ಲ. ಆದ್ರೆ ರಕ್ತ ಕಮ್ಮಿ ಇರೋದಂತೂ ಸತ್ಯ, ಅದನ್ನ ಸರಿಮಾಡಲೇಬೇಕು."

ಅಜ್ಜಿಗೆ ಅರ್ಥವಾಗಲು ಅಷ್ಟು ಸಾಕಿತ್ತು. ಅಂಗಡಿಗೆ ನೂರು ಪೊಟ್ಟಣದ ಬೇಡಿಕೆ ಬಂದಿದೆ, ಮಹಡಿಯಲ್ಲಿ ಎಲೆಯೇ ಇಲ್ಲ ಅಂದ ಹಾಗೆ.

ದಿನ ಕಡಿಮೆ ಇದ್ದುದರಿಂದ ಡಾಕ್ಟರಮ್ಮ ಅವತ್ತೇ ಇನ್ನೊಂದು ಲಸಿಕೆ ಹಾಕಿಸಿ, ದಿನಕ್ಕೊಂದು ಕಬ್ಬಿಣದ ಮಾತ್ರೆ ಬರೆದುಕೊಟ್ಟಳು. "ತಪ್ಪಿಸಬಾರದು," ಎಂದಳು.

"ಅದು ನನ್ನ ಜವಾಬ್ದಾರಿ," ಎಂದಳು ಅಜ್ಜಿ.

ಅಜ್ಜಿಯ ಜವಾಬ್ದಾರಿ ಎಂದರೆ ಅದು ಕಲ್ಲಿನ ಮೇಲೆ ಬರೆದ ಹಾಗೆ. ಮಾತ್ರೆಯ ಹಾಳೆ ಅವಳ ಸೊಂಟದ ಚೀಲ ಸೇರಿತು. ದಿನಾ ಮಧ್ಯಾಹ್ನ ಊಟದ ಕೊನೆಯ ತುತ್ತು ಮುಗಿಯುತ್ತಿದ್ದಂತೆ ಚೂಟಿಯ ಅಂಗೈ ಮೇಲೆ ಒಂದು ಮಾತ್ರೆ, ಇನ್ನೊಂದು ಕೈಗೆ ಬಟ್ಟಲು. ನುಂಗಿದಳೋ ಇಲ್ಲವೋ ಎಂದು ಬಾಯಿ ತೆರೆಸಿ ನೋಡುತ್ತಿದ್ದಳು. ಕ್ಯಾಲೆಂಡರಿನಲ್ಲಿ ಪ್ರತಿದಿನಕ್ಕೂ ಒಂದು ಗೀಟು. ಬಸಳೆ, ಹರಿವೆ, ಕಾಳು, ಮೊಟ್ಟೆ ಎಂದು ಅಡುಗೆಯೂ ಬದಲಾಯಿತು.

"ಅಮ್ಮ, ನೀನು ನರ್ಸ್ ಆಗಬೇಕಿತ್ತು," ಎಂದು ಮಗ ಛೇಡಿಸಿದ.

"ಆಗ್ತಿದ್ದೆ. ನಿಮ್ಮಪ್ಪ ಬಿಡಬೇಕಲ್ಲ."

ಐದು ವಾರ, ಮೂವತ್ತೈದು ಗೀಟು. ಮೂವತ್ತಾರನೆಯ ದಿನ ಚೂಟಿ ವರದಿ ತಂದಳು. ರಕ್ತ ಎಂಟರಲ್ಲೇ ಕುಂಟುತ್ತಿತ್ತು. ಲಸಿಕೆಯ ಲೆಕ್ಕ ಮೂರರಿಂದ ಐದಕ್ಕೆ ಬಂದಿತ್ತು.

"ಐದು," ಎಂದ ನಾಲಿಗೆ, ಬಟ್ಟಲು ಕೆಳಗಿಟ್ಟು. "ಮಾತ್ರೆ ನುಂಗಿದ್ದೀಯೋ, ಅಜ್ಜಿ ಆ ಕಡೆ ತಿರುಗಿದಾಗ ಉಗುಳಿದ್ದೀಯೋ?"

ಚೂಟಿ ತಟ್ಟೆ ತಳ್ಳಿ ಎದ್ದಳು. "ನಾನ್ಯಾಕೆ ಉಗುಳಲಿ? ಆ ಕೆಲಸ ಬೇಕಾಗಿರೋದು ನನಗಪ್ಪಾ, ನಿಮಗಲ್ಲ!" ಎಂದವಳು ಬಿಕ್ಕಿದಳು. ದೊಡ್ಡ ಹುಡುಗಿ, ಎಲ್ಲರ ಮುಂದೆ ಅತ್ತದ್ದು ಅದೇ ಮೊದಲು.

"ನೋಡು, ಅವಳ ಮೇಲೆ ಕಳ್ಳತನ ಹೊರಿಸಬೇಡ," ಎಂದಳು ಅಜ್ಜಿ. "ಒಂದೊಂದು ಮಾತ್ರೇನೂ ನನ್ನ ಕೈಯಾರೆ ಕೊಟ್ಟಿದ್ದೀನಿ. ಮೂವತ್ತೈದಕ್ಕೂ ನಾನೇ ಸಾಕ್ಷಿ."

"ಹಾಗಾದ್ರೆ ಮಾತ್ರೆ ಸುಳ್ಳು."

"ಸುಳ್ಳೇ ಇರಬೇಕು," ಎಂದಳು ಅಜ್ಜಿ. "ನಾಳೆ ಹೋಗಿ ಅದನ್ನೇ ಕೇಳ್ತೀನಿ."

*

ಜಗಳಕ್ಕೆ ಹೋಗುವಾಗಲೂ ಬರಿಗೈಲಿ ಹೋಗುವ ಜನ ಅವರಲ್ಲ. ಅಜ್ಜಿ ಫ್ಲಾಸ್ಕಿನಲ್ಲಿ ಅವತ್ತಿನ ಒಂದನೇ ನಂಬರಿನ ಚಹಾ ತುಂಬಿಕೊಂಡು ಒಬ್ಬಳೇ ಹೊರಟಳು. ಡಾಕ್ಟರಮ್ಮನ ಮೇಜಿನ ಮೇಲೆ ಮಾತ್ರೆಯ ಖಾಲಿ ಹಾಳೆಗಳನ್ನೂ ಗೀಟು ಹಾಕಿದ ಕ್ಯಾಲೆಂಡರನ್ನೂ ಹರಡಿದಳು.

"ನಿಮ್ಮ ಮಾತ್ರೇಲಿ ಸತ್ವ ಇಲ್ಲ. ಲೆಕ್ಕ ಇಲ್ಲಿದೆ, ನೋಡಿ. ಒಂದು ದಿನ ತಪ್ಪಿಲ್ಲ."

ಡಾಕ್ಟರಮ್ಮ ಗೀಟುಗಳನ್ನು ನಿಧಾನವಾಗಿ ನೋಡಿದಳು. "ಯಾವ ಹೊತ್ತಿಗೆ ಕೊಡ್ತೀರಿ?"

"ಊಟ ಆದ ತಕ್ಷಣ."

"ಯಾವುದರ ಜೊತೆ?"

ಅಜ್ಜಿ ಹೆಮ್ಮೆಯಿಂದ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. ಕೋಣೆಯ ತುಂಬ ಘಮ ಹರಡಿತು. "ಇದರ ಜೊತೆ. ನಮ್ಮನೇಲಿ ಕಹಿ ಔಷಧಿ ಗಂಟಲಲ್ಲಿ ಇಳಿಯೋದೇ ಇದರ ಮೇಲೆ. ಪೇಟೇಲಿ ಇಂಥ ಚಹಾ ಇನ್ನೊಂದಿಲ್ಲ, ಒಂದು ಗುಟುಕು ಕುಡಿದು ನೋಡಿ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಊಟದ ಜೊತೆಗೂ ಇದೇನಾ?"

"ಮೂರು ಬಟ್ಟಲು. ಹುಟ್ಟಿದಾಗಿಂದ."

"ಅಮ್ಮಾ, ತಪ್ಪು ನಂದೂ ಇದೆ, ಅವತ್ತೇ ಕೇಳಬೇಕಿತ್ತು. ಚಹಾ ಕಬ್ಬಿಣವನ್ನ ಹೊಟ್ಟೇಲೇ ಹಿಡಿದು ಕಟ್ಟಿಹಾಕಿಬಿಡುತ್ತೆ. ರಕ್ತಕ್ಕೆ ಹೋಗೋಕೇ ಬಿಡಲ್ಲ. ನೀವು ಕೊಟ್ಟ ಮಾತ್ರೇಲಿ ಮೈಗೆ ಸೇರಿದ್ದು ಎಲ್ಲೋ ಚೂರು ಪಾರು. ಊಟದ್ದೂ ಅಷ್ಟೇ."

ಅಜ್ಜಿಯ ಕೈ ಮುಚ್ಚಳದ ಮೇಲೆಯೇ ನಿಂತಿತು. ಚಹಾ ಮತ್ತು ಕಬ್ಬಿಣ. ಐವತ್ತು ವರ್ಷದ ಹಿಂದಿನ ಬಾಣಲೆ, ಶಾಯಿಯ ಹಾಗೆ ಕಪ್ಪಾದ ಬಟ್ಟಲು, ಮಾವನ ಕೂಗು ಎಲ್ಲ ಒಟ್ಟಿಗೇ ನೆನಪಾದವು. ಕಬ್ಬಿಣ ತಾಗಿದರೆ ಚಹಾ ಕೆಡುತ್ತದೆಂದು ಆ ಮನೆಯ ಗೋಡೆಗೂ ಗೊತ್ತಿತ್ತು. ಚಹಾ ತಾಗಿದರೆ ಕಬ್ಬಿಣದ ಗತಿ ಏನು ಎಂದು ಮೂರು ತಲೆಮಾರಿನಲ್ಲಿ ಒಬ್ಬರೂ ಕೇಳಿರಲಿಲ್ಲ.

"ನನ್ನ ಕೈಯಾರೆ," ಎಂದಳು ಅಜ್ಜಿ. ಕಣ್ಣು ತುಂಬಿತು. "ಮೂವತ್ತೈದು ದಿನ, ನನ್ನ ಕೈಯಾರೆ ಅವಳ ಅನ್ನಕ್ಕೆ ಕಲ್ಲು ಹಾಕಿದೆನಲ್ಲ!"

"ಕಲ್ಲಲ್ಲ. ಇನ್ನೂ ಒಂಬತ್ತು ವಾರ ಇದೆ. ನಾಳೆಯಿಂದ ಬೆಳಿಗ್ಗೆ ಖಾಲಿ ಹೊಟ್ಟೇಲಿ ನಿಂಬೆಹಣ್ಣಿನ ನೀರಿನ ಜೊತೆ ಕೊಡಿ. ಊಟಕ್ಕೆ ಬರೀ ನೀರು. ಚಹಾ ಊಟವಾಗಿ ಎರಡು ಮೂರು ಗಂಟೆ ಕಳೆದ ಮೇಲೆ." ಡಾಕ್ಟರಮ್ಮ ಗಡಿಯಾರ ನೋಡಿ, ಫ್ಲಾಸ್ಕನ್ನು ತನ್ನ ಕಡೆ ಎಳೆದುಕೊಂಡಳು. "ನಾನು ಊಟ ಮಾಡಿ ಮೂರು ಗಂಟೆ ಆಯ್ತು. ಹಾಕಿ ಒಂದು ಬಟ್ಟಲು."

ಕುಡಿದವಳು ಬರಿದಾದ ಬಟ್ಟಲನ್ನು ಮತ್ತೆ ಮುಂದೆ ಚಾಚಿದಳು. ನಿಜವಾಗಿಯೂ ಅಂಥ ಚಹಾ ಪೇಟೆಯಲ್ಲಿ ಇನ್ನೊಂದಿರಲಿಲ್ಲ.

*

ಮಾರನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತವರಿಗೆ ತಟ್ಟೆಯ ಪಕ್ಕದಲ್ಲಿ ಬಟ್ಟಲುಗಳು ಕಾಣಲಿಲ್ಲ. ಬದಲಿಗೆ ಪಾತ್ರೆ ಅಂಗಡಿಯಿಂದ ಅವತ್ತೇ ತಂದ ನಾಲ್ಕು ಸ್ಟೀಲ್ ಲೋಟಗಳಲ್ಲಿ ನೀರಿತ್ತು.

"ಏನಿದು?" ಎಂದ ನಾಲಿಗೆ.

"ನೀರು."

"ನೀರು ಅಂತ ನನಗೂ ಗೊತ್ತಮ್ಮ. ಚಹಾ ಎಲ್ಲಿ?"

ಅಜ್ಜಿ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ತನ್ನ ತಪ್ಪನ್ನೇ ಮೊದಲು ಹೇಳಿದಳು. ಚೂಟಿ ಬಾಯಿ ತೆರೆದು ಕೇಳಿದಳು. ನಾಲಿಗೆಯ ಮುಖ ಕೆಂಪಾಯಿತು.

"ನಮ್ಮ ಚಹಾಕ್ಕೆ ದೋಷ ಹಚ್ಚಿದಳಾ ಆ ಡಾಕ್ಟರು? ನೀನು ಕೇಳಿಸ್ಕೊಂಡು ಬಂದೆಯಾ? ಪೇಟೇಲಿ ಈ ಮಾತು ಹರಡಿದ್ರೆ ಅಂಗಡಿ ಬಾಗಿಲು ಹಾಕ್ಕೊಂಡು ಮನೇಲಿ ಕೂರಬೇಕಾಗುತ್ತೆ! ತಾತ ಮುತ್ತಾತ ಎಲ್ಲ ಊಟದ ಜೊತೇನೇ ಕುಡಿದೋರು. ಅವರಿಗೆ ಏನಾಗಿತ್ತು?"

"ಅವರನ್ನ ಯಾರು ಪರೀಕ್ಷೆ ಮಾಡಿದ್ರು? ನಿಮ್ಮಪ್ಪನ ತಂಗಿ ನಲವತ್ತಕ್ಕೇ ಗೋಡೆ ಹಿಡ್ಕೊಂಡು ನಡೀತಿದ್ದಳು. ಸೋಮಾರಿ ಅಂತ ಎಲ್ಲರೂ ಅಂದ್ವಿ."

"ನಾನು ನಂಬಲ್ಲ."

"ನಂಬಬೇಡ. ನೋಡು."

ಅಜ್ಜಿ ಒಳಗೆ ಹೋಗಿ ಒಂದು ಬಿಳಿ ಪಿಂಗಾಣಿ ಬಟ್ಟಲು ತಂದಳು. ಮಗ ಬೆಳಿಗ್ಗೆ ತಾನೇ ಬೆರೆಸಿದ ಮಿಶ್ರಣ, ಹೊಂಬಣ್ಣದ ತಿಳಿ ಚಹಾ. ಸೊಂಟದ ಚೀಲದಿಂದ ಒಂದು ಮಾತ್ರೆ ತೆಗೆದು, ಚಮಚದ ಬೆನ್ನಿನಿಂದ ಪುಡಿಮಾಡಿ ಬಟ್ಟಲಿಗೆ ಸುರಿದು ಕಲಕಿದಳು.

ಎಲ್ಲರೂ ಬಗ್ಗಿ ನೋಡಿದರು. ಹೊಂಬಣ್ಣ ಮಸುಕಾಯಿತು, ಬೂದುಬಣ್ಣವಾಯಿತು, ನೋಡನೋಡುತ್ತಿದ್ದಂತೆ ಕಪ್ಪಾಯಿತು. ಲೇಖನಿ ಅದ್ದಿದರೆ ಬರೆಯಬಹುದಾದಷ್ಟು ಕಪ್ಪು.

"ಇದು ಯಾವುದರ ಬಣ್ಣ, ಹೇಳು," ಎಂದಳು ಅಜ್ಜಿ. "ನಿನಗಿಂತ ಚೆನ್ನಾಗಿ ಬಲ್ಲೋರು ಈ ಪೇಟೇಲಿ ಯಾರಿದ್ದಾರೆ?"

ನಾಲಿಗೆಗೆ ಅದು ಗೊತ್ತಿತ್ತು. ಕಬ್ಬಿಣದ ತುಕ್ಕು ತಾಗಿದ ಪೆಟ್ಟಿಗೆಯ ಎಲೆಯನ್ನು ವಾಪಸು ಕಳಿಸುತ್ತಿದ್ದವನು ಅವನೇ. ಬಟ್ಟಲನ್ನು ಎತ್ತಿ ಬೆಳಕಿಗೆ ಹಿಡಿದ, ಮೂಗಿನ ಹತ್ತಿರ ತಂದ, ಕೆಳಗಿಟ್ಟ. ಮಗಳ ಕಡೆ ನೋಡಿದ. ಉಗುಳಿದ್ದೀಯಾ ಎಂದು ಕೇಳಿದ ತನ್ನದೇ ಮಾತು ಅವನಿಗೆ ನೆನಪಾಯಿತು.

"ಇದನ್ನ ಮೋರಿಗೆ ಚೆಲ್ಲು," ಎಂದ ಕೊನೆಗೆ. ಆಮೇಲೆ ಸ್ಟೀಲ್ ಲೋಟ ಎತ್ತಿ ಒಂದು ಗುಟುಕು ನೀರು ಕುಡಿದ. ಮುಖ ಹಿಂಡಿದ. "ರುಚೀನೇ ಇಲ್ಲ."

"ಹತ್ತಕ್ಕೆ ಎಷ್ಟು ಕೊಡ್ತೀರಿ?" ಎಂದಳು ಸೊಸೆ. ಆ ವಾರದಲ್ಲಿ ಅವಳು ಆಡಿದ ಮೊದಲ ತಮಾಷೆ ಅದು. ಚೂಟಿ ನಕ್ಕುಬಿಟ್ಟಳು.

*

ಹೊಸ ಕಟ್ಟಳೆ ಜಾರಿಗೆ ಬಂತು. ಒಂದು ಗಂಟೆಗೆ ನೀರಿನ ಜೊತೆ ಊಟ, ನಾಲ್ಕು ಗಂಟೆಗೆ ಬಟ್ಟಲು ಮತ್ತು ಸ್ಲೇಟು. ಹೇಳುವಷ್ಟು ಸುಲಭವಾಗಿ ನಡೆಯಲಿಲ್ಲ. ಮೊದಲ ವಾರ ನಾಲಿಗೆಗೆ ತಲೆನೋವು, ಎಲ್ಲರ ಮೇಲೂ ಸಿಡಿಮಿಡಿ. ಎರಡು ಸಲ ಅಂಗಡಿಯ ಹಿಂದೆ ಕದ್ದು ಕುಡಿಯುತ್ತ ಅಜ್ಜಿಯ ಕೈಗೆ ಸಿಕ್ಕಿಬಿದ್ದ.

"ನನಗೇನು ಲಸಿಕೆ ಬೇಕಾಗಿಲ್ಲವಲ್ಲಮ್ಮ!"

"ನೀನು ಕುಡಿದ್ರೆ ವಾಸನೆ ಅವಳಿಗೂ ಬರುತ್ತೆ. ಹಲ್ಲು ಕಚ್ಚಿ ತಡ್ಕೋ."

ಸೊಸೆಯ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಅದೂ ಒಂಬತ್ತು. ಇಪ್ಪತ್ತನಾಲ್ಕು ವರ್ಷ ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಉಂಡು, ಬಟ್ಟಲುಗಳಲ್ಲಿ ಮಿಕ್ಕ ಚಹಾವನ್ನೆಲ್ಲ ಕುಡಿದು ಮುಗಿಸುತ್ತಿದ್ದವಳು ಅವಳು. ಬೆಳಗಿನ ನಿಂಬೆನೀರು ಎರಡು ಲೋಟವಾಯಿತು. ಮೊಟ್ಟೆ ಮೊದಲು ಸೊಸೆಯ ತಟ್ಟೆಗೆ ಬೀಳತೊಡಗಿತು, ಬಡಿಸುವವಳು ಅಜ್ಜಿ.

ಎರಡನೆಯ ವಾರದ ಕೊನೆಗೆ ಅಜ್ಜಿ ಫ್ರಿಜ್ಜು ತೆರೆದಳು. ಐಸಿನ ತಟ್ಟೆ ತುಂಬಿತ್ತು. ಮಾರನೆಯ ದಿನವೂ ತುಂಬಿತ್ತು. ಮೂರನೆಯ ದಿನ ಅವಳು ಅದನ್ನು ಮೇಜಿನ ಮೇಲೆ ತಂದಿಟ್ಟು, "ಯಾರೂ ತಿಂತಿಲ್ವಾ?" ಎಂದು ಕೇಳಿದಳು.

"ಬೇಕು ಅನ್ನಿಸ್ತಾನೇ ಇಲ್ಲ ಅಜ್ಜಿ," ಎಂದಳು ಚೂಟಿ.

ನಾಲ್ಕನೆಯ ವಾರ ಮಹಡಿಯ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಅಜ್ಜಿ ಗಾಬರಿಯಿಂದ ಓಡಿಬಂದು ನೋಡಿದರೆ ಚೂಟಿ ಎಲೆಯ ಪೆಟ್ಟಿಗೆ ಎತ್ತಿಕೊಂಡು ಎರಡೆರಡು ಮೆಟ್ಟಿಲು ಇಳಿಯುತ್ತಿದ್ದಳು. "ಬೀಳ್ತೀಯ ಕಣೇ!" ಎಂದು ಕೂಗಿದಳು ಅಜ್ಜಿ. ಕೂಗಿದ್ದು ಬೈಗುಳವನ್ನೇ, ಆದರೆ ಅವಳಿಗೆ ಸಂತೋಷ ತಡೆಯಲಾಗಲಿಲ್ಲ.

ಅದೇ ವಾರ ಒಂದು ನಾಲ್ಕು ಗಂಟೆಗೆ ಎಲ್ಲರೂ ಸ್ಲೇಟಿನ ಮುಂದೆ ಕೂತಿದ್ದರು. ಚೂಟಿ ಎರಡನೇ ಬಟ್ಟಲಿನ ಗುಟುಕನ್ನು ಬಾಯಲ್ಲೇ ಹಿಡಿದು ಹುಬ್ಬು ಗಂಟಿಕ್ಕಿದಳು.

"ಇದರಲ್ಲಿ ಒದ್ದೆ ಗೋಡೆಯ ವಾಸನೆ ಇದೆ."

"ಇಲ್ಲ," ಎಂದ ನಾಲಿಗೆ. "ನಾನು ಬೆಳಿಗ್ಗೆ ನೋಡಿದ್ದೀನಿ."

"ಇದೆ ಅಪ್ಪಾ. ಕೊನೇಲಿ, ನಾಲಿಗೆಯ ಹಿಂಭಾಗದಲ್ಲಿ. ಮೂರು."

ಅವಳು ಎದ್ದು ಸ್ಲೇಟಿನಲ್ಲಿ ಮೂರು ಎಂದು ಬರೆದಳು. ಅಪ್ಪ ಆ ಬಟ್ಟಲನ್ನು ಎತ್ತಿ ಕುಡಿದ, ಕಣ್ಣು ಮುಚ್ಚಿ ಇನ್ನೊಮ್ಮೆ ಕುಡಿದ. ಬಟ್ಟಲನ್ನು ಅಲ್ಲೇ ಬಿಟ್ಟು ಮಹಡಿ ಹತ್ತಿದ. ಪೆಟ್ಟಿಗೆಗಳನ್ನು ಎಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು. ಇಳಿದು ಬಂದಾಗ ಅವನ ಅಂಗೈ ತುಂಬ ಮುಗ್ಗಲು ಹಿಡಿದ ಎಲೆ.

"ಕೊಳಾಯಿ ಪಕ್ಕದ ಗೋಡೆ ಸೋರ್ತಿದೆ. ತಳದ ಪೆಟ್ಟಿಗೆ ಒಂದೇ ಒಂದು ಮೂಲೇಲಿ ಕೆಟ್ಟಿದೆ." ಅವನು ಮಗಳನ್ನು ಹೊಸದಾಗಿ ನೋಡುವವನ ಹಾಗೆ ನೋಡಿದ. "ಆ ಒಂದು ಮೂಲೆ ನನಗೇ ಸಿಕ್ಕಿರಲಿಲ್ಲ. ಇಂಥ ನಾಲಿಗೇನ ಆಸ್ಪತ್ರೆಗೆ ಕೊಡೋದಾ ನಾನು?"

ಚೂಟಿಯ ಮುಖ ಬಾಡಿತು. ಅಜ್ಜಿ ಬಟ್ಟಲು ಕೆಳಗಿಟ್ಟಳು.

"ಆ ನಾಲಿಗೇನ ತಿರುಗಿ ಕೊಟ್ಟಿದ್ದೇ ಆಸ್ಪತ್ರೆ. ಸಾಲದು ಅಂತ ಹುಡುಗೀನ ಬೇರೆ ಇಟ್ಕೋತೀಯಾ?"

ಮಗ ಮುಗ್ಗಲು ಎಲೆಯನ್ನು ಮೋರಿಗೆ ಚೆಲ್ಲಿ ಬಂದ. ಮರುದಿನ ಚೂಟಿ ಡಾಕ್ಟರಮ್ಮ ಹೇಳಿದ್ದ ಮುಂದಿನ ಲಸಿಕೆಗೆ ಹೊರಟಾಗ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ, ಚಪ್ಪಲಿ ಮೆಟ್ಟಿಕೊಂಡು ಅವಳ ಜೊತೆಗೇ ನಡೆದ. ಅವತ್ತಿನ ವರದಿಯಲ್ಲಿ ರಕ್ತ ಹನ್ನೊಂದು ದಾಟಿತ್ತು. ಹೊಸ ಕೋಣೆ ತೆರೆಯಲು ಐದು ವಾರ ಉಳಿದಿತ್ತು. ನಾಲ್ಕು ವಾರ ಬಿಟ್ಟು ಕೊನೆಯ ಪರೀಕ್ಷೆ.

*

ಆ ನಾಲ್ಕು ವಾರ ಮನೆಯಲ್ಲಿ ಯಾರೂ ಯಾರಿಗೂ ಹತ್ತರ ಮಾತೆತ್ತಲಿಲ್ಲ. ಅಜ್ಜಿ ಗೀಟು ಹಾಕುತ್ತಿದ್ದಳು, ಸೊಸೆ ನಿಂಬೆಹಣ್ಣು ಹಿಂಡುತ್ತಿದ್ದಳು, ನಾಲಿಗೆ ಸೋರುವ ಗೋಡೆ ಸರಿಮಾಡಿಸುತ್ತಿದ್ದ. ಪರೀಕ್ಷೆಗೆ ರಕ್ತ ಕೊಟ್ಟು ಬಂದ ಮೇಲೆ ಮೂರು ದಿನ ಅಜ್ಜಿಗೆ ತುತ್ತು ಇಳಿಯಲಿಲ್ಲ. ಹತ್ತು ದಾಟಿದರೆ ಅದು ಎಲ್ಲರ ಗೆಲುವು, ದಾಟದಿದ್ದರೆ ವ್ಯರ್ಥವಾದ ಆ ಐದು ವಾರದ ತಪ್ಪು ತನ್ನೊಬ್ಬಳದು ಎಂದು ಅವಳು ತೀರ್ಮಾನಿಸಿದ್ದಳು.

ಮೂರನೆಯ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಬಾಗಿಲಲ್ಲಿ ಚೂಟಿ ಕಾಣಿಸಿದಳು. ಮುಖದಲ್ಲಿ ಏನೂ ಬಿಟ್ಟುಕೊಡಲಿಲ್ಲ. ನೇರವಾಗಿ ಗೋಡೆಯ ಹತ್ತಿರ ಹೋಗಿ, ಸ್ಲೇಟನ್ನು ಅಂಗೈಯಿಂದ ಒರೆಸಿ, ಬಳಪ ಎತ್ತಿಕೊಂಡಳು.

ಮೊದಲು ಒಂದು ಬರೆದಳು. ಬರೀ ಒಂದೇ ಎಂದು ಅಜ್ಜಿ ಹಣೆಗೆ ಕೈ ಹಚ್ಚಿದಳು. ಒಂದರ ಪಕ್ಕ ಎಂಟು ಬರೆದಳು. ಹದಿನೆಂಟು! ಹತ್ತು ದಾಟಿತು! ಅಜ್ಜಿ ಏಳುವಷ್ಟರಲ್ಲಿ ಬಳಪ ಇನ್ನೊಮ್ಮೆ ಕಿರುಗುಟ್ಟಿತು. ಎಂಟರ ಪಕ್ಕ ಆರು.

ನೂರ ಎಂಬತ್ತಾರು.

ಸೊಸೆ ಕೈಯಲ್ಲಿದ್ದ ಸೌಟು ಬಿಟ್ಟು ಮಗಳನ್ನು ತಬ್ಬಿಕೊಂಡಳು. ಅಜ್ಜಿ ಇಬ್ಬರನ್ನೂ ತಬ್ಬಿದಳು. ಮೂವರೂ ನಗುತ್ತಿದ್ದರು, ಅಳುತ್ತಿದ್ದರು, ಒಟ್ಟಿಗೇ ಮಾತಾಡುತ್ತಿದ್ದರು.

"ದೊಡ್ಡ ಸಿಸ್ಟರ್ ಸೋಮವಾರವೇ ಬಾ ಅಂದ್ರು! ಮೊದಲನೇ ಯಂತ್ರ ನಂದೇ!"

"ಡಾಕ್ಟರಮ್ಮ ಏನಂದಳೇ?"

"ಎಲ್ಲಾ ಕಬ್ಬಿಣದಿಂದಲೇ ಅಂತ ಬರೆದುಕೊಡೋಕೆ ಆಗಲ್ಲ, ಸೂಜಿ ಮತ್ತೆ ಮತ್ತೆ ಹಾಕಿದ್ದರ ಪಾಲೂ ಇರುತ್ತೆ ಅಂದ್ರು. ಆಮೇಲೆ ಅಜ್ಜಿಗೆ ಒಂದು ನಮಸ್ಕಾರ ಹೇಳು ಅಂದ್ರು."

"ಪಾಲು ಹಂಚೋದು ಆಮೇಲೆ ಆಗಲಿ," ಎಂದು ಅಜ್ಜಿ ಕಣ್ಣೊರೆಸಿಕೊಂಡಳು. ಆದರೆ ಅವಳ ಬೆನ್ನು ತಾನೇ ತಾನಾಗಿ ನೆಟ್ಟಗಾಗಿತ್ತು.

ನಾಲಿಗೆ ಇನ್ನೂ ಸ್ಲೇಟನ್ನೇ ನೋಡುತ್ತ ಕೂತಿದ್ದ. ಎದ್ದು ಹತ್ತಿರ ಹೋದ. ಆ ಸ್ಲೇಟಿನ ಮೇಲೆ ಅವನ ತಾತನ ಕಾಲದಿಂದ ಒಂಬತ್ತೂವರೆಗಿಂತ ಹೆಚ್ಚಿನ ಅಂಕ ಬಿದ್ದಿರಲಿಲ್ಲ.

"ಹತ್ತಕ್ಕೆ ನೂರ ಎಂಬತ್ತಾರು," ಎಂದ. "ಮೋರಿಗೆ ಸುರೀತೀವಿ ಅಂದಿದ್ದೆ ನಾನು. ಆ ಮಾತನ್ನ ಹೊಟ್ಟೆಗೆ ಹಾಕ್ಕೋ ಮಗಳೇ."

"ಹಾಕ್ಕೋತೀನಿ. ಆದ್ರೆ ನನ್ನದು ಬೆಳಗಿನ ಪಾಳಿ ಅಪ್ಪಾ. ಮೂರಕ್ಕೆ ಬಿಡ್ತಾರೆ. ನಾಲ್ಕು ಗಂಟೆಗೆ ಸ್ಲೇಟಿನ ಮುಂದೆ ಇರ್ತೀನಿ. ನಿಮ್ಮ ಮಿಶ್ರಣಕ್ಕೆ ಮೂರು ಬಿದ್ರೆ ಬೇಜಾರು ಮಾಡ್ಕೋಬಾರದು."

ನಾಲಿಗೆ ಗಟ್ಟಿಯಾಗಿ ನಕ್ಕ. ಅಂಗಿಯ ತೋಳು ಮಡಚಿಕೊಂಡು ಅಡುಗೆಮನೆಯ ಕಡೆ ತಿರುಗಿದ. "ಇವತ್ತು ಸಾಧಾರಣ ಎಲೆ ಅಲ್ಲ, ಮೇಲಿನ ಸಣ್ಣ ಪೆಟ್ಟಿಗೇದು! ಎಲ್ಲರಿಗೂ ಒಂದೊಂದು ಬಟ್ಟಲು! ನೀರಿಡ್ತೀನಿ!"

"ಏಯ್," ಎಂದಳು ಅಜ್ಜಿ.

ಮಗ ನಿಂತ. ಅಜ್ಜಿ ಗೋಡೆಯ ಗಡಿಯಾರದ ಕಡೆ ಬೆರಳು ತೋರಿಸಿದಳು. ಒಂದೂವರೆ.

"ಅಮ್ಮಾ, ಇವತ್ತೊಂದು ದಿನ!"

"ನಾಲ್ಕು ಗಂಟೆಗೆ."

ಇಡೀ ಪೇಟೆ ತಲೆಬಾಗುವ ನಾಲಿಗೆ ವಾಪಸು ಬಂದು ತನ್ನ ಜಾಗದಲ್ಲಿ ಕೂತ. ಸ್ಟೀಲ್ ಲೋಟ ಎತ್ತಿ, ಮಗಳ ಲೋಟಕ್ಕೆ ಠಣ್ಣೆಂದು ತಾಗಿಸಿ, ಗಟಗಟನೆ ನೀರು ಕುಡಿದ. ಅಜ್ಜಿ ಮೂರು ದಿನದ ಹಸಿವನ್ನೆಲ್ಲ ಒಟ್ಟಿಗೇ ನೆನಪಿಸಿಕೊಂಡು, "ನನಗೂ ಬಡಿಸ್ರೇ," ಎಂದು ತಟ್ಟೆ ಮುಂದಕ್ಕೆಳೆದುಕೊಂಡಳು.